ಮೊದಲು ತಪ್ಪು, ಆಮೇಲೆ ಉಪ್ಪಿಟ್ಟು

ಮಿದುಳಿಗೆ ಪೆಟ್ಟು ಬಿದ್ದವರನ್ನು ಮತ್ತೆ ಬದುಕಿಗೆ ಹಚ್ಚುವ ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಹಾಸನದ ರಸ್ತೆಯಲ್ಲಿ ನನ್ನನ್ನು ಕಂಡರೆ ಒಂದೇ ಪ್ರಶ್ನೆ ಕೇಳುತ್ತಾರೆ. "ಸಾರ್, ಈ ವರ್ಷದ ತರಗತಿ ಸರ್ಟಿಫಿಕೇಟು ಎಲ್ಲಿ ಬೇಗ ಸಿಗುತ್ತೆ?" ಉಪ್ಪಿಟ್ಟು ಎಲ್ಲಿ ಚೆನ್ನಾಗಿರುತ್ತೋ ಅಲ್ಲಿ ಎಂದು ನಾನು ಹೇಳುತ್ತೇನೆ. ಅವರು ನಗುತ್ತಾರೆ, ಮುದುಕ ತಮಾಷೆ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ನಾನು ಹೇಳುವುದು ತಮಾಷೆಯಲ್ಲ.

ಡಿಗ್ರಿ ಮುಗಿದರೂ ವೈದ್ಯರು, ದಾದಿಯರು, ನಮ್ಮಂಥ ಫಿಸಿಯೋಗಳು ಓದುವುದನ್ನು ನಿಲ್ಲಿಸಬಾರದೆಂದು ಇಂಥ ತರಗತಿಗಳನ್ನು ಮಾಡಿದ್ದಾರೆ. ಈಗ ಅವು ಫೋನಿನಲ್ಲೇ ನಡೆಯುತ್ತವೆ. ಹೊಸಬರು ಕ್ಯಾಮೆರಾ ಆಫ್ ಮಾಡಿ, ಪಾಠವನ್ನು ಒಂದು ಮೂಲೆಯಲ್ಲಿ ಮಾತಾಡಲು ಬಿಟ್ಟು, ಒಗ್ಗರಣೆ ಹಾಕಿಕೊಳ್ಳುತ್ತಾರೆ. ಬೈಯುತ್ತಿಲ್ಲ. ನಮ್ಮ ಕಾಲದಲ್ಲಿ ನಾವೂ ಸಾಚಾಗಳೇನಲ್ಲ. ಕಾಟಾಚಾರಕ್ಕೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು, ಬೋಂಡಾ ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಬಿಡುತ್ತಿದ್ದವರು. ನನ್ನ ನಿದ್ದೆ ಕೆಡಿಸಿದವರು ಕಾತ್ಯಾಯಿನಿ ಮೇಡಂ. ಬಡ್ತಿ, ವರ್ಗ, ಸನ್ಮಾನಗಳನ್ನೆಲ್ಲ ಬಿಟ್ಟು ಅವರ ವಿಷಯವನ್ನೇ ಬರೆಯುತ್ತೇನೆ. ಹೊಸಬರಿಗೆ ಬೇಕಾದದ್ದು ಅದೇ.

ಮೇಡಂ ಹೊಳೆನರಸೀಪುರದವರು. ಅಜ್ಜ ಪುರೋಹಿತರು, ಅಪ್ಪ ಹೈಸ್ಕೂಲು ಮೇಷ್ಟ್ರು. ಮಾತು ನಿಂತುಹೋದವರಿಗೆ ಮಾತು, ನುಂಗಲಾರದವರಿಗೆ ನುಂಗುವುದನ್ನು ಕಲಿಸುವುದು ಅವರ ವೃತ್ತಿ. ನಾನು ಚನ್ನರಾಯಪಟ್ಟಣದ ಕಡೆಯ ರೈತರ ಮನೆಯವನು, ರಂಗಸ್ವಾಮಿ. ಕೈಕಾಲು ಆಡಿಸುವುದು ನನ್ನ ಪಾಲು. ಹಾಸನದ ಒಂದೇ ಆಸ್ಪತ್ರೆಯಲ್ಲಿ ಇಬ್ಬರೂ ದುಡಿಯುತ್ತಿದ್ದೆವು. ವಯಸ್ಸಿನಲ್ಲಿ ಅವರು ನನಗಿಂತ ಸ್ವಲ್ಪವೇ ಹಿರಿಯರು, ನಾಲಿಗೆಯಲ್ಲಿ ಮಾತ್ರ ಬಹಳ ಹಿರಿಯರು.

ತಿಂಗಳಿಗೊಂದು ತರಗತಿ ಶುರುಮಾಡಿದ್ದೂ ಅವರೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹೀಗೆ ಸರದಿ. ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟ ಶಾಲೆಯ ಕೋಣೆ, ಇಲ್ಲವೇ ಕಲ್ಯಾಣ ಮಂಟಪದ ಊಟದ ಮನೆ. ಸುತ್ತಲಿನ ದಾದಿಯರು, ಫಿಸಿಯೋಗಳು, ಆಗಾಗ ಒಬ್ಬಿಬ್ಬರು ಡಾಕ್ಟರು. ಮೊದಲ ದಿನವೇ ಮೇಡಂ ಬಾಗಿಲಲ್ಲಿ ನಿಂತು ಒಂದು ಕಾನೂನು ಹೇಳಿದರು. "ನೋಡಿ, ಹಿಂದಿನ ತಿಂಗಳು ಕೆಲಸದಲ್ಲಿ ಮಾಡಿದ ಒಂದು ತಪ್ಪನ್ನ ಯಾರಾದರೂ ಒಬ್ಬರು ಎದ್ದು ನಿಂತು ಹೇಳಬೇಕು. ಆಮೇಲೇ ತಿಂಡಿ. ಮೊದಲು ತಪ್ಪು, ಆಮೇಲೆ ಉಪ್ಪಿಟ್ಟು."

ನಮ್ಮ ವೃತ್ತಿಯ ಜನ ಜಟ್ಟಿಯ ಜಾತಿ, ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರು. ಅವತ್ತು ಒಬ್ಬರೂ ಬಾಯಿ ಬಿಡಲಿಲ್ಲ. ಉಪ್ಪಿಟ್ಟಿನ ವಾಸನೆ ಕೋಣೆಯೆಲ್ಲ ತುಂಬಿತು, ಮೇಡಂ ಕೈಕಟ್ಟಿ ಕೂತೇ ಇದ್ದರು. ಕೊನೆಗೆ ಹೊಟ್ಟೆ ತಾಳದೆ ಒಬ್ಬ ದಪ್ಪನೆಯ ಡಾಕ್ಟರೇ ಎದ್ದು, ರೋಗಿಯೊಬ್ಬರ ಎಡಗಾಲಿನ ಬದಲು ಬಲಗಾಲಿಗೆ ಪಟ್ಟಿ ಹಾಕಿಸಿದ್ದನ್ನು ಹೇಳಿದರು. ಮೇಡಂ ಚಪ್ಪಾಳೆ ತಟ್ಟಿ ಮೊದಲ ತಟ್ಟೆಯನ್ನು ಅವರಿಗೇ ಕೊಟ್ಟರು. ಮುಂದಿನ ತಿಂಗಳಿಂದ ತಪ್ಪು ಹೇಳಲು ನಾ ಮುಂದು ತಾ ಮುಂದು. ಮಾಡದ ತಪ್ಪನ್ನು ಹೇಳಿ ಸಿಕ್ಕಿಬಿದ್ದವರೂ ಇದ್ದಾರೆ.

ಹೊಳೆನರಸೀಪುರದ ಒಂದು ತರಗತಿಯನ್ನು ಮರೆಯಲಾರೆ. ಅಲ್ಲಿಯ ವಯಸ್ಸಾದ ಅರ್ಚಕರೊಬ್ಬರು ಹೊಳೆಯ ಮೆಟ್ಟಿಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡಿದ್ದರು. ಬಲಗೈ ಶಕ್ತಿ ಕಳೆದುಕೊಂಡಿತ್ತು, ಮಾತು ತೊದಲು. ತಟ್ಟೆ ಮುಂದಿಟ್ಟರೆ ಬಾಯಿ ಬಿಗಿದುಕೊಳ್ಳುತ್ತಿದ್ದರು. ನುಂಗಲು ಆಗುತ್ತಿಲ್ಲ ಎಂದು ನಾವೆಲ್ಲ ಒಮ್ಮತದಿಂದ ತೀರ್ಮಾನಿಸಿ ಗಂಟಲಿನ ವ್ಯಾಯಾಮ ಶುರುಮಾಡಿದೆವು. ಅವರು ದಿನದಿನಕ್ಕೆ ಸೊರಗಿದರು. ಒಂದು ಬೆಳಿಗ್ಗೆ ಅವರ ತಮ್ಮ ದೇವಸ್ಥಾನದ ತೀರ್ಥ ತಂದ. ಅರ್ಚಕರು ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ, ಕೆಳಗೆ ಆಸರೆ ಕೊಟ್ಟು, ತೀರ್ಥ ತೆಗೆದುಕೊಂಡು ಒಂದು ಹನಿ ಚೆಲ್ಲದೆ ಕುಡಿದರು. ಮೇಡಂ ಬಾಗಿಲಲ್ಲೇ ನಿಂತು ನೋಡಿದರು. "ಗಂಟಲಿಗೆ ಏನೂ ಆಗಿಲ್ಲ ಕಣ್ರೀ ರಂಗಸ್ವಾಮಿ, ಎಡಗೈಯಲ್ಲಿ ಉಣ್ಣೋಕೆ ನಾಚಿಕೆ. ಇನ್ನೊಬ್ಬರ ಕೈಯಲ್ಲಿ ಉಣ್ಣೋಕೂ ನಾಚಿಕೆ. ನಾವು ಗಂಟಲು ಹಿಡ್ಕೊಂಡು ಕೂತಿದ್ದೀವಿ."

ಅವತ್ತಿನಿಂದ ಚಮಚವನ್ನು ಬಲಗೈಗೆ ಪಟ್ಟಿಯಿಂದ ಕಟ್ಟಿ, ಕೆಳಗೆ ಎಡಗೈ ಕೊಡಿಸಿದೆವು, ತೀರ್ಥ ತೆಗೆದುಕೊಳ್ಳುವ ಹಾಗೆಯೇ. ಅರ್ಚಕರು ಊಟ ಮಾಡಿದರು. ಆ ತಿಂಗಳ ತರಗತಿಯಲ್ಲಿ ಮೇಡಂ ನಮ್ಮೆಲ್ಲರ ಬಲಗೈಯನ್ನು ಬೆನ್ನಿಗೆ ಕಟ್ಟಿಸಿ, "ಹೂಂ, ತಿನ್ನಿ" ಎಂದು ಉಪ್ಪಿಟ್ಟಿನ ತಟ್ಟೆ ಇಟ್ಟರು. ಹಸಿವಿತ್ತು, ಉಪ್ಪಿಟ್ಟಿಗೆ ತುಪ್ಪವೂ ಬಿದ್ದಿತ್ತು. ಎಡಗೈ ಮಾತ್ರ ಏಳಲಿಲ್ಲ. ಹಿರಿಯ ದಾದಿಯೊಬ್ಬರಿಗೆ ಕಣ್ಣಲ್ಲಿ ನೀರೇ ಬಂತು. ಆ ಪಾಠಕ್ಕೆ ಪರದೆ ಬೇಕಾಗಲಿಲ್ಲ, ಪುಸ್ತಕವೂ ಬೇಕಾಗಲಿಲ್ಲ.

ಚನ್ನರಾಯಪಟ್ಟಣದಲ್ಲಿ ನಮಗೆ ಸಿಕ್ಕಿದ್ದ ಕೋಣೆ ಬಸ್‌ಸ್ಟ್ಯಾಂಡಿಗೆ ಅಂಟಿಕೊಂಡಿತ್ತು. ಬೆಂಗಳೂರು ಬಸ್ಸಿನ ಹಾರ್ನು, ಕಂಡಕ್ಟರರ ಕೂಗು, ಎಳನೀರಿನವನ ಕೂಗು. ಕಿಟಕಿ ಮುಚ್ಚಲು ಹೋದ ಹುಡುಗಿಯನ್ನು ಮೇಡಂ ತಡೆದರು. ನನ್ನನ್ನು ನಡುವೆ ಕೂರಿಸಿ ಮೂವರಿಂದ ಒಟ್ಟಿಗೇ ಮಾತಾಡಿಸಿದರು. ಒಬ್ಬರು ಊರಿನ ಸಮಾಚಾರ, ಒಬ್ಬರು ಔಷಧಿಯ ವಿವರ, ಇನ್ನೊಬ್ಬರು ಮಗ್ಗಿ. ಸ್ವಲ್ಪ ಹೊತ್ತಿಗೇ ನಾನು ಎದ್ದು "ಸಾಕು ನಿಲ್ಲಿಸ್ರಪ್ಪ" ಎಂದು ಕಿರುಚಿದೆ. "ನೋಡಿ, ಇವರಿಗೂ ಸಿಟ್ಟು ಬಂತು," ಎಂದರು ಮೇಡಂ. "ತಲೆಗೆ ಪೆಟ್ಟು ಬಿದ್ದವನಿಗೆ ದಿನವಿಡೀ ಇದೇ ಬಸ್‌ಸ್ಟ್ಯಾಂಡು. ಅವನು ಕಿರುಚಿದರೆ ನಾವು ಹುಚ್ಚು ಅಂತೀವಿ." ನನ್ನನ್ನೇ ಆರಿಸಿದ್ದು ಯಾಕೆ ಮೇಡಂ ಎಂದು ಆಮೇಲೆ ಕೇಳಿದೆ. "ನಿಮಗೆ ಸಿಟ್ಟು ಬೇಗ ಬರುತ್ತೆ, ನನಗೆ ಟೈಮಿರಲಿಲ್ಲ" ಎಂದರು.

ಇನ್ನು ಅರಕಲಗೂಡಿನ ಕಥೆ. ಇದನ್ನು ಹೇಳಲಿಕ್ಕೇ ಇಷ್ಟು ಹೊತ್ತು ಪೀಠಿಕೆ ಹಾಕಿದ್ದು.

ಮಲ್ಲಿಪಟ್ಟಣದ ಲೋಕೇಶ ಸಂತೆ ಮುಗಿಸಿ ಬೈಕಿನಲ್ಲಿ ಊರಿಗೆ ಹೋಗುವಾಗ ಬಿದ್ದ. ಹೆಲ್ಮೆಟ್ಟು ಬೈಕಿನ ಕನ್ನಡಿಗೆ ನೇತುಹಾಕಿತ್ತು. ಆಪರೇಷನ್ ಆಗಿ, ಉಳಿದು, ನಮ್ಮ ಕೈಗೆ ಬಂದ. ನನ್ನ ಪಾಲಿನ ಕೆಲಸ ಬೇಗ ಮುಗಿಯಿತು. ಗಟ್ಟಿಮುಟ್ಟಾದ ಆಳು, ಮೂರು ತಿಂಗಳಿಗೆಲ್ಲ ಹೊಲದ ಬದುವಿನ ಮೇಲೆ ನಡೆದ. ಕೆಟ್ಟಿದ್ದು ನೆನಪು. ಹಳೆಯದು, ಅಪ್ಪನ ಕಾಲದ್ದು, ಮದುವೆಯದ್ದು ಎಲ್ಲ ಇತ್ತು. ಪೆಟ್ಟು ಬೀಳುವ ಮುಂಚಿನ ಕೆಲವು ವರ್ಷ ಅಳಿಸಿಹೋಗಿತ್ತು. ಹೊಸದಾಗಿ ಹೇಳಿದ್ದು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ನನ್ನ ಹೆಸರು ಹೇಳಿದರೆ ಮಧ್ಯಾಹ್ನಕ್ಕೆ "ನೀವ್ಯಾರು ಸಾ?" ಎಂದು ಕೇಳುತ್ತಿದ್ದ.

ಅವನಿಗೆ ಒಬ್ಬಳೇ ಮಗಳು ಚಂದನ, ಒಂದನೇ ಕ್ಲಾಸು. ಅಳಿಸಿಹೋದ ವರ್ಷಗಳಲ್ಲಿ ಅವಳು ಬೆಳೆದಿದ್ದಳು. ಅವನ ನೆನಪಿನಲ್ಲಿದ್ದದ್ದು ತೊಟ್ಟಿಲ ಕೂಸು. ಎದುರಿಗೆ ನಿಂತದ್ದು ಎರಡು ಜಡೆಯ, ಮುಂದಿನ ಹಲ್ಲು ಬಿದ್ದ ಹುಡುಗಿ. ಅವಳು ನೋಡಲು ಥೇಟ್ ಅವನ ತಂಗಿ ಕಮಲಿಯ ಹಾಗೆ ಎಂದು ಊರೆಲ್ಲ ಹೇಳುತ್ತಿತ್ತು. ಕಮಲಿ ಮದುವೆಯಾಗಿ ಗಂಡನ ಮನೆ ಸೇರಿದ್ದಳು.

ಅರಕಲಗೂಡಿನ ತರಗತಿಗೆ ಮೇಡಂ ಲೋಕೇಶನನ್ನು ಕರೆಸಿದರು. ನೆನಪಿನ ಪಾಠ ಅವತ್ತು. ಹೆಂಡತಿ ಸವಿತ, ತಾಯಿ ನಂಜಮ್ಮ, ಸ್ಕೂಲಿನ ಯೂನಿಫಾರಂನಲ್ಲೇ ಬಂದ ಚಂದನ. ಕೋಣೆ ತುಂಬ ಜನ. ಮೇಡಂ ಮಗುವನ್ನು ಮುಂದಕ್ಕೆ ಕರೆದು, "ಲೋಕೇಶ್, ಇವಳು ಯಾರು ಹೇಳಿ" ಎಂದರು. ಅವನು ನಮ್ಮೆಲ್ಲರ ಮುಖ ನೋಡಿದ. ಇಷ್ಟು ಜನ ಕಾಯುತ್ತಿರುವಾಗ ಏನಾದರೂ ಹೇಳಬೇಕಲ್ಲ.

"ಕಮಲಿ" ಎಂದ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ಅವರತ್ತ ಕೆಂಗಣ್ಣು ಬಿಟ್ಟು, "ಅಲ್ಲ, ಸರಿಯಾಗಿ ಯೋಚನೆ ಮಾಡಿ. ಅವಸರ ಇಲ್ಲ" ಎಂದರು. ಅವನು ಹಣೆ ಉಜ್ಜಿಕೊಂಡು ಯೋಚಿಸಿದ. "ಕಮಲಿ." ಮತ್ತೊಮ್ಮೆ ಪ್ರಯತ್ನಿಸಿ ಎಂದರು. ತಾನೇ ಹುಡುಕಿಕೊಂಡದ್ದು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಮೇಡಂ ನಂಬಿಕೆ, ನಮ್ಮೆಲ್ಲರ ನಂಬಿಕೆ. ತಪ್ಪಿನಿಂದಲೇ ಅಲ್ಲವೇ ನಾವೆಲ್ಲ ಅಷ್ಟು ವರ್ಷ ಕಲಿತದ್ದು? ಅವನೂ ಕಲಿಯಲಿ ಎಂದು ಇಡೀ ಕೋಣೆ ಕಾಯಿತು. ಪ್ರತಿಸಲವೂ ಅವನು ಹೇಳಿದ್ದು ಕಮಲಿ. ಕೊನೆಯ ಸಲ ಅನುಮಾನವೇ ಇರಲಿಲ್ಲ, ಗಟ್ಟಿಯಾಗಿ ಹೇಳಿದ. ಚಂದನ ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿದಳು.

ಮನೆಯಲ್ಲಿ ಇನ್ನೂ ದೊಡ್ಡ ಪರೀಕ್ಷೆ ನಡೆಯುತ್ತಿತ್ತು. ನಮ್ಮ ಕಡೆ ಕಾಯಿಲೆಯವರನ್ನು ನೋಡಿಕೊಂಡು ಹೋಗಲು ಬರುವವರು ಬ್ರೆಡ್ಡು, ಬಿಸ್ಕತ್ತು, ಎಳನೀರಿನ ಜೊತೆಗೆ ಒಂದು ಪ್ರಶ್ನೆಯನ್ನೂ ತರುತ್ತಾರೆ. "ನನ್ ಗುರ್ತು ಸಿಕ್ತೇನ್ಲಾ? ನಾನ್ಯಾರು ಯೋಳು ನೋಡಣ?" ಪ್ರೀತಿಯಿಂದಲೇ ಕೇಳುವುದು. ನಂಜಮ್ಮ ಬಾಗಿಲಲ್ಲೇ ನಿಂತು ಬಂದವರನ್ನೆಲ್ಲ ಮಗನ ಮುಂದೆ ನಿಲ್ಲಿಸುತ್ತಿದ್ದರು. ಅವನು ಸರಿಯಾಗಿ ಹೇಳಿದರೆ ಊರಿಗೆಲ್ಲ ಡಂಗುರ. ತಪ್ಪಿದರೆ ಇನ್ನೊಮ್ಮೆ, ಮತ್ತೊಮ್ಮೆ. ಕೊನೆಗೆ ಮೊಮ್ಮಗಳ ಸರದಿ. "ಇವ್ಳ್ಯಾರು ಮಗಾ?" "ಕಮಲಿ."

ಮುಂದಿನ ಸಲ ಆಸ್ಪತ್ರೆಗೆ ಸವಿತ ಒಬ್ಬಳೇ ಬಂದಳು. ಮಗಳು ಅಪ್ಪನ ಹತ್ತಿರ ಸುಳಿಯುತ್ತಿರಲಿಲ್ಲ. ಅವನು ಜಗಲಿಗೆ ಬಂದರೆ ಅವಳು ಹಿತ್ತಲಿಗೆ. ಕೊಣನೂರಿನ ಕಡೆಯಿಂದ ಸವಿತಳ ಅಪ್ಪ ಬಂದು ಹೋಗಿದ್ದರು.

"ಇಸ್ಕೂಲು ಸುರುವಾಗದ್ರಾಗೆ ಮಗೀನ ಕರ್ಕೊಂಡ್ ಓಯ್ತೀನಿ ಅಂತವ್ರೆ ಸಾ ನಮ್ಮಪ್ಪ. ಎತ್ತ ಮಗ್ಳ ಎಸ್ರೇ ಗೊತ್ತಿಲ್ಲದೋನ್ ತಾವ ಮಗ ಎಂಗಿದ್ದಾತು ಅಂತಾರೆ. ಅವ್ರು ಯೋಳದ್ರಲ್ಲಿ ತಪ್ಪೇನೈತೆ? ಮಗ ಓದ್ಮ್ಯಾಕೆ ನಾನೆಲ್ಲಿರ್ಲಿ? ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ."

ಅತ್ತುಕೊಂಡು ಹೇಳಲಿಲ್ಲ. ಬಸ್ಸಿನ ವೇಳೆ ಹೇಳುವಂತೆ ಹೇಳಿದಳು. ನನಗೆ ಅದೇ ಹೆಚ್ಚು ಸಂಕಟವಾಯಿತು.

ಆ ವಾರವೇ ಮೇಡಂ ರಜೆ ಹಾಕಿ ಬೆಂಗಳೂರಿಗೆ ಹೋದರು. ನೆನಪು ಕೆಟ್ಟವರಿಗೆ ಕಲಿಸುವ ವಿಧಾನದ ಬಗ್ಗೆ ಅಲ್ಲೊಂದು ತರಗತಿ ಇತ್ತು. ತಾವೇ ನೂರಾರು ಜನಕ್ಕೆ ಪಾಠ ಹೇಳಿದವರು, ನಿವೃತ್ತಿಗೆ ಹತ್ತಿರ ಬಂದವರು, ತಮ್ಮ ಮಕ್ಕಳ ವಯಸ್ಸಿನವರ ನಡುವೆ ಕೂತು ಕೇಳಿದರು. ಕಲಿಸುತ್ತಿದ್ದ ಹುಡುಗಿ ತಮ್ಮ ಶಿಷ್ಯೆಯ ಶಿಷ್ಯೆಯಂತೆ. ಇದನ್ನು ಅವರು ಹೆಮ್ಮೆಯಿಂದ ಹೇಳಿಕೊಂಡರು.

ಮುಂದಿನ ತರಗತಿ ಹೊಳೆನರಸೀಪುರದಲ್ಲಿ. ಅಂದು ತಪ್ಪು ಹೇಳಲು ಯಾರೋ ಎದ್ದರು. ಮೇಡಂ ಕೈಸನ್ನೆಯಲ್ಲೇ ಕೂರಿಸಿದರು.

"ಇವತ್ತಿನ ತಪ್ಪು ನನ್ನದು" ಎಂದರು. "ಅರಕಲಗೂಡಿನಲ್ಲಿ ನೀವೆಲ್ಲ ನೋಡಿದ್ದೀರಿ. ತಪ್ಪಿನಿಂದ ಕಲಿಯೋಕೆ, ತಪ್ಪು ಮಾಡಿದ್ದು ನೆನಪಿರಬೇಕು ಕಣ್ರೀ. ನಮಗೆ ನೆನಪಿರುತ್ತೆ, ನಾಚಿಕೆ ಆಗುತ್ತೆ, ತಿದ್ದಿಕೊಳ್ತೀವಿ. ಲೋಕೇಶನಿಗೆ ಅದು ತಪ್ಪು ಅನ್ನೋದು ಮರೆತುಹೋಗುತ್ತೆ. ಬಾಯಿಂದ ಬಂದ ಮಾತು ಮಾತ್ರ ಅಭ್ಯಾಸವಾಗಿ ಉಳಿದುಬಿಡುತ್ತೆ. ದನ ಒಂದು ಸಲ ಬೇಲಿ ಹಾರಿದ ಜಾಗದಲ್ಲೇ ಮತ್ತೆ ಹಾರೋದು. ನಾನು ಪಕ್ಕದಲ್ಲಿ ನಿಂತು, ಹಾರು ಹಾರು ಅಂತ ಹಾರಿಸಿದೆ."

ಒಬ್ಬ ಎಳೆಯ ಡಾಕ್ಟರು ಕೈಯೆತ್ತಿ, "ಆದರೂ ಮೇಡಂ, ಹೆಸರು, ದಿನ, ಊರು ಕೇಳಿ ಪರೀಕ್ಷೆ ಮಾಡಲೇಬೇಕಲ್ವೇ?" ಎಂದರು.

"ಪರೀಕ್ಷೆ ಮಾಡಿ, ಬೇಡ ಅನ್ನಲ್ಲ. ಆದರೆ ಪರೀಕ್ಷೆಯನ್ನೇ ಪಾಠ ಅಂದುಕೊಳ್ಳಬೇಡಿ. ಅವನಿಗೆ ಊಹೆ ಮಾಡೋಕೆ ಬಿಡಬಾರದು. ಅವನ ಬಾಯಿ ತಪ್ಪೋಕೆ ಮುಂಚೆ ಸರಿಯುತ್ತರ ನಾವೇ ಕೊಡಬೇಕು. ಕೇಳಬಾರದು, ಹೇಳಬೇಕು. ತಪ್ಪಿನಿಂದ ಕಲಿಯಬೇಕಾದವರು ನಾವು. ಅವನು ತಪ್ಪಿಲ್ಲದೆ ಕಲಿಯಬೇಕು."

ನಾನು ಅನೇಕ ಮೇಲಧಿಕಾರಿಗಳ ಕೈಕೆಳಗೆ ದುಡಿದಿದ್ದೇನೆ. ತಮ್ಮ ತಪ್ಪನ್ನು ಜವಾನನ ತಲೆಗೆ ಕಟ್ಟಿದವರಿದ್ದಾರೆ, ದೇವರ ತಲೆಗೆ ಕಟ್ಟಿದವರೂ ಇದ್ದಾರೆ. ತಾನೇ ಕಟ್ಟಿ ಬೆಳೆಸಿದ ವಿಧಾನ ಒಬ್ಬ ಮನುಷ್ಯನ ಮಟ್ಟಿಗೆ ಕೆಡುಕಾಯಿತೆಂದು ಶಿಷ್ಯರ ಮುಂದೆ ನಿಂತು ಹೇಳಿದವರನ್ನು ಬೇರೆ ಕಂಡಿಲ್ಲ. ಅವತ್ತು ಮೇಡಂ ಮೇಲಿನ ಗೌರವ ನನ್ನ ಎದೆಯಲ್ಲಿ ಬೇರು ಬಿಟ್ಟಿತು. ಇದನ್ನು ಅವರೆದುರು ಎಂದೂ ಹೇಳಿಲ್ಲ, ಹೇಳಿದ್ದರೆ ಬೈಯುತ್ತಿದ್ದರು.

ಪಾಠ ತಿಳಿಯಿತು, ಸರಿ. ಮಲ್ಲಿಪಟ್ಟಣಕ್ಕೆ ತಿಳಿಸುವುದು ಹೇಗೆ? ಮೇಡಂ, ನಾನು, ನಾಲ್ಕು ಜನ ದಾದಿಯರು ಬಸ್ಸು ಹತ್ತಿದೆವು. ನಂಜಮ್ಮ ನಮಗೆಲ್ಲ ಕಾಫಿ ಕೊಟ್ಟು, ಕೇಳಬೇಡಿ ಎಂಬ ಮಾತು ಕೇಳಿ ಉರಿದುಬಿದ್ದರು. "ಕೇಳ್ದೆ ಓದ್ರೆ ಎಂಗವ್ವಾ ಗ್ಯಾಪ್ಕ ಬತ್ತದೆ? ನನ್ ಮಗಂಗೆ ಗ್ಯಾಪ್ಕ ಬರೋದು ನಿಮ್ಗೆ ಬ್ಯಾಡ್ವಾ?"

ಮೇಡಂ ವಾದಕ್ಕೆ ನಿಲ್ಲಲಿಲ್ಲ. ದಾದಿಯರ ಕಡೆ ಕೈ ತೋರಿಸಿದರು. "ಬಂದ ಕೂಡಲೇ ಇವರ ಹೆಸರು ಹೇಳಿದ್ದೆನಲ್ಲ ಅಮ್ಮ. ಇವಳು ಯಾರು?"

"ಅದೇನೋ ಯೋಳಿದ್ರಿ..."

"ಯೋಚನೆ ಮಾಡಿ."

ನಂಜಮ್ಮ ಒಂದು ಹೆಸರು ಹೇಳಿದರು. ಅಲ್ಲ ಎಂದರು ಮೇಡಂ. "ಮತ್ತೆ ಹೇಳಿ. ಇವಳು? ಇವಳು? ಸರಿಯಾಗಿ ನೋಡಿ ಹೇಳಿ." ದಾದಿಯರು ಒಬ್ಬೊಬ್ಬರಾಗಿ ಮುಂದೆ ಬಂದು, "ನಾನ್ಯಾರು ಅಮ್ಮ? ಗುರುತು ಸಿಗಲಿಲ್ವಾ?" ಎಂದು ಸುತ್ತ ನಿಂತರು. ನಂಜಮ್ಮನ ಹಣೆಯಲ್ಲಿ ಬೆವರೊಡೆಯಿತು.

"ಇದೇನ್ರವ್ವಾ ನಿಮ್ದು, ನಮ್ಮನೇಗೆ ಬಂದು ನಂಗೇ ಪರೀಕ್ಸೆ ಮಡಗ್ತೀರಾ?" ಎಂದು ಎದ್ದವರು ಅರ್ಧದಲ್ಲೇ ನಿಂತರು. ಜಗಲಿಯ ಮೂಲೆಯಲ್ಲಿ ಕೂತಿದ್ದ ಮಗನತ್ತ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹೋಗಿ ಅವನ ತಲೆ ಸವರಿ, "ನಾನು ನಿಮ್ಮವ್ವ ಕಣ ಮಗಾ" ಎಂದರು. ಅವನು ಅಮ್ಮನನ್ನು ಮರೆತಿರಲಿಲ್ಲ, ಪಾಪ. "ಗೊತ್ತು ಕಣವ್ವ" ಎಂದ.

ಅಂದಿನಿಂದ ಆ ಮನೆಯಲ್ಲಿ ಬಂದವರು ಮೊದಲು ತಮ್ಮ ಹೆಸರು ಹೇಳಬೇಕೆಂಬ ಕಟ್ಟಳೆಯಾಯಿತು. ಬಾಗಿಲಲ್ಲಿ ನಿಂತು ಅದನ್ನು ನಡೆಸಿದವರು ನಂಜಮ್ಮನೇ. ಪರೀಕ್ಷೆ ನಡೆಸುವುದರಲ್ಲಿದ್ದ ಉತ್ಸಾಹವೆಲ್ಲ ಪರೀಕ್ಷೆ ನಿಲ್ಲಿಸುವುದಕ್ಕೆ ತಿರುಗಿತು. ಪಂಚಾಯಿತಿ ಸದಸ್ಯರನ್ನೂ ಬಿಡಲಿಲ್ಲವಂತೆ.

ಕಷ್ಟವಾದದ್ದು ಚಂದನಳಿಗೆ. ಅವಳೇ ಅಪ್ಪನ ಎದುರು ಹೋಗಿ, ಅವನು ಬಾಯಿ ತೆರೆಯುವ ಮೊದಲು "ಅಪ್ಪ, ನಾನು ಚಂದನ, ನಿನ್ನ ಮಗಳು" ಎನ್ನಬೇಕು. ಅವನು ಹಾಗೆಯೇ ತಿರುಗಿ ಹೇಳಬೇಕು. ದಿನಾ, ಎಷ್ಟು ಸಲ ಎದುರಾದರೂ. ಹುಡುಗಿ ಕಂಬ ಹಿಡಿದು ನಿಂತು ತಲೆಯಾಡಿಸಿದಳು.

"ನಮ್ಮಪ್ಪಂಗೆ ನನ್ ಎಸ್ರ ನಾನ್ಯಾಕೆ ಯೋಳ್ಬೇಕು?"

ಮೇಡಂ ಅವಳ ಎತ್ತರಕ್ಕೆ ನೆಲದ ಮೇಲೆ ಕೂತರು.

"ನಿಮ್ಮ ಸ್ಕೂಲಿಗೆ ಹೊಸ ಮೇಷ್ಟ್ರು ಬಂದರೆ ಏನ್ ಮಾಡ್ತೀರಿ?"

"ಎದ್ ನಿಂತ್ಕಂಡು ಎಸ್ರು ಯೋಳ್ತೀವಿ."

"ಅವರು ನಿನ್ನ ಹೆಸರು ಗೊತ್ತಿಲ್ಲ ಅಂದರೆ ಬೇಜಾರಾಗುತ್ತಾ?"

"ಊಹೂಂ. ಒಸ ಮೇಷ್ಟ್ರಲ್ವಾ."

"ನಿಮ್ಮಪ್ಪನಿಗೆ ತಲೆಗೆ ಪೆಟ್ಟು ಬಿದ್ದು ಈಗ ಹಾಗಾಗಿದೆ ಮರಿ. ದಿನಾ ಬೆಳಿಗ್ಗೆ ಹೊಸ ಮೇಷ್ಟ್ರ ಥರ ಬರ್ತಾರೆ. ಅವರು ಬೇಕು ಅಂತ ಮರೆಯೋದಿಲ್ಲ."

ಚಂದನ ಕಂಬದ ಹಿಂದಿನಿಂದ ಮುಖ ಈಚೆಗೆ ಹಾಕಿದಳು. "ದಿನಾ ಒಸ ಮೇಷ್ಟ್ರಾ?" "ಹೂಂ, ದಿನಾ." ಅವಳಿಗೆ ಅದು ತಮಾಷೆಯೆನಿಸಿರಬೇಕು, ಬಿದ್ದ ಹಲ್ಲಿನ ಸಂದಿಯಲ್ಲಿ ನಕ್ಕಳು. ಕಂಬ ಬಿಟ್ಟು ಹೋಗಿ, ಅಪ್ಪನ ಮುಂದೆ ಕೈಕಟ್ಟಿ ನೆಟ್ಟಗೆ ನಿಂತು, ಕ್ಲಾಸಿನಲ್ಲಿ ಹೇಳುವ ರಾಗದಲ್ಲೇ ಹೇಳಿದಳು. "ನಾನು ಚಂದನ. ನಿನ್ ಮಗ್ಳು." ಲೋಕೇಶ ಅವಳನ್ನೇ ನೋಡುತ್ತ, "ಚಂದನ. ನನ್ ಮಗ್ಳು" ಎಂದ. ಸವಿತ ಒಳಗೆ ಹೋಗಿಬಿಟ್ಟಳು.

ಮರುದಿನಕ್ಕೇ ಪವಾಡವಾಯಿತೆಂದು ಯಾರೂ ತಿಳಿಯಬೇಡಿ. ಮೊದಲು ಪೂರ್ತಿ ಹೆಸರು. ಕೆಲವು ವಾರಗಳ ಮೇಲೆ ಕೊನೆಯ ಅಕ್ಷರ ನುಂಗಿ "ಚಂದ..." ಎಂದು ನಿಲ್ಲಿಸುವುದು, ಅವನು ಮುಗಿಸುವುದು. ತಡವರಿಸಿದರೆ ಕಾಯದೆ ಪೂರ್ತಿ ಹೇಳಿಬಿಡುವುದು. ಆಮೇಲೆ ಬರೀ "ಚಂ". ಇದು ಬೆಂಗಳೂರಿನ ಆ ಹುಡುಗಿಯಿಂದ ಮೇಡಂ ಕಲಿತು ತಂದ ವಿಧಾನ. ಯುಗಾದಿಗೆ ನೆಂಟರು ತುಂಬಿ ಗದ್ದಲವಾದಾಗ ಮತ್ತೆ ಕಮಲಿ ಎಂದ. ಅಷ್ಟು ದಿನದ ಶ್ರಮ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದು ನಾನು ಕೈಚೆಲ್ಲಿದೆ. ಆದರೆ ಹಬ್ಬಕ್ಕೆ ತವರಿಗೆ ಬಂದಿದ್ದ ನಿಜವಾದ ಕಮಲಿ ಜಾಣೆ. ಅಣ್ಣನ ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, "ಅಣ್ಣಯ್ಯ, ನಾನು ಕಮಲಿ. ಇವ್ಳು ಚಂದನ" ಎಂದು, ಇರುವಷ್ಟು ದಿನವೂ ಬಿಡದೆ ಹೇಳಿದಳು.

ಬೇಸಿಗೆ ಮುಗಿಯಿತು. ಸ್ಕೂಲು ಶುರುವಾಗುವ ಮುಂಚಿನ ದಿನಗಳು. ನಾನು ಲೋಕೇಶನ ನಡಿಗೆ ನೋಡುವ ನೆಪದಲ್ಲಿ ಮಲ್ಲಿಪಟ್ಟಣಕ್ಕೆ ಹೋಗಿದ್ದೆ. ಅವನು ಜಗಲಿಯಲ್ಲಿ ಕೂತು ಆಲೂಗೆಡ್ಡೆ ಬಿತ್ತನೆಗೆ ಗೆಡ್ಡೆ ಹೆಚ್ಚುತ್ತಿದ್ದ. ಆ ಕೆಲಸವನ್ನು ಅವನ ಕೈ ಮರೆತೇ ಇರಲಿಲ್ಲ. ಹುಡುಗಿ ಒಳಗೆಲ್ಲೋ ಇದ್ದಳು. ಅಷ್ಟರಲ್ಲಿ ಅಂಗಳಕ್ಕೆ ಸವಿತಳ ಅಪ್ಪ ಬಂದರು. ಬಿಳಿ ಪಂಚೆ, ಕಂಕುಳಲ್ಲಿ ಮಡಿಚಿದ ಖಾಲಿ ಚೀಲ. ಅದು ಮಗುವಿನ ಬಟ್ಟೆ ತುಂಬಿಕೊಂಡು ಹೋಗಲು ತಂದದ್ದು. ನನಗೂ ಗೊತ್ತಾಯಿತು, ಬಾಗಿಲಿಗೆ ಬಂದ ಸವಿತಳಿಗೂ ಗೊತ್ತಾಯಿತು. ಅವಳು ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತಳು.

ಹೆಸರು ಹೇಳುವ ಕಟ್ಟಳೆ ಮುದುಕರಿಗೆ ಗೊತ್ತಿರಲಿಲ್ಲ. ನಂಜಮ್ಮ ಕೊಟ್ಟಿಗೆಯಲ್ಲಿದ್ದರು. ಇನ್ನೇನು ಅವರು ಅಳಿಯನಿಗೆ "ನನ್ ಗುರ್ತು ಸಿಕ್ತಾ?" ಎನ್ನುತ್ತಾರೆ, ಆಮೇಲೆ ಮಗುವನ್ನು ಕರೆದು "ಇವ್ಳ್ಯಾರು?" ಎನ್ನುತ್ತಾರೆ, ಅವನು ಕಮಲಿ ಎನ್ನುತ್ತಾನೆ, ಎಲ್ಲ ಮುಗಿಯುತ್ತದೆ ಎಂದು ನಾನು ಬಾಯಿ ಹಾಕಲು ಎದ್ದೆ. ನನಗಿಂತ ಮೊದಲು ಲೋಕೇಶ ತಲೆಯೆತ್ತಿದ. ಚಾಕು ಕೆಳಗಿಟ್ಟ.

"ಬನ್ನಿ ಮಾವ, ಕುಂತ್ಕಳಿ. ಬಿಸ್ಲಲ್ಲಿ ಬಂದಿದ್ದೀರಿ" ಎಂದು ಚಾಪೆ ಸರಿಸಿದ. ಒಳಗೆ ಮುಖಮಾಡಿ ಕೂಗಿದ.

"ಚಂದನಾ! ತಾತಂಗೆ ನೀರ್ ತಂದ್ಕೊಡವ್ವ."

ಯಾರೂ ಅವನನ್ನು ಏನೂ ಕೇಳಿರಲಿಲ್ಲ.

ಹುಡುಗಿ ಚೆಂಬು ಹಿಡಿದು ಓಡಿ ಬಂದಳು. ಅಪ್ಪ ಕರೆದರೆ ಯಾವ ಮಗಳೂ ಬರುವ ಹಾಗೆಯೇ ಬಂದಳು. ಮುದುಕರು ಚೆಂಬು ಇಸಿದುಕೊಂಡರು, ಆದರೆ ಬಹಳ ಹೊತ್ತು ಕುಡಿಯಲಿಲ್ಲ. ಅಳಿಯನನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ಬಾಗಿಲಲ್ಲಿದ್ದ ಮಗಳನ್ನು ನೋಡಿದರು. ಆಮೇಲೆ ಗಟಗಟ ಕುಡಿದು, ಚೆಂಬು ಕೆಳಗಿಟ್ಟು, ಖಾಲಿ ಚೀಲವನ್ನು ತೊಡೆಯ ಕೆಳಗೆ ಸರಿಸಿ ಅದರ ಮೇಲೇ ಕೂತರು.

"ಇಲ್ಲಿ ಇಸ್ಕೂಲೂ ಚೆನ್ನಾಗೇ ಐತಂತಲ್ಲವ್ವಾ?" ಎಂದು ಮಗಳನ್ನು ಕೇಳಿದರು.

ಸವಿತ ಹೂಂ ಎಂದಳು.

ಈಗಲೂ ದಣಿದಾಗ, ಗದ್ದಲದಲ್ಲಿ, ಲೋಕೇಶ ಒಮ್ಮೊಮ್ಮೆ ಮಗಳನ್ನು ಕಮಲಿ ಎಂದು ಕೂಗುವುದುಂಟು. ನಾವು ಹಾರಿಸಿದ ಬೇಲಿ ಅದು, ಪೂರ್ತಿ ಮುಚ್ಚಲಿಲ್ಲ. ಅವಳು "ಊಂ ಕಣಪ್ಪಾ, ಚಂದನ ಬಂದೆ" ಎಂದು ಓಗೊಟ್ಟು ಹೋಗುತ್ತಾಳಂತೆ. ಹೊಸಬರೇ, ನಮ್ಮ ವೃತ್ತಿಯಲ್ಲಿ ಗೆಲುವೆಂದರೆ ಇಷ್ಟೇ ಇರುತ್ತದೆ, ಮತ್ತು ಇಷ್ಟು ಸಾಕಾಗುತ್ತದೆ.

ಆ ತಿಂಗಳ ತರಗತಿ ಹಾಸನದಲ್ಲಿತ್ತು. ಯಾರು ತಪ್ಪು ಹೇಳುತ್ತೀರಿ ಎಂದು ಮೇಡಂ ಕೇಳಿದಾಗ ನಾನು ಎದ್ದು ನಿಂತು ಮಲ್ಲಿಪಟ್ಟಣದಲ್ಲಿ ಕಂಡದ್ದನ್ನು ಹೇಳಿದೆ. ಮುಗಿಸಿದಾಗ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು.

"ಇದರಲ್ಲಿ ತಪ್ಪೆಲ್ಲಿದೆ ರಂಗಸ್ವಾಮಿ?"

"ಎಲ್ಲೂ ಇಲ್ಲ ಮೇಡಂ."

"ನೀರು ತಾ ಅಂದದ್ದನ್ನ ಇನ್ನೊಂದು ಸಲ ಹೇಳಿ. ಅವನು ಹೇಳಿದ ಹಾಗೇ ಹೇಳಿ."

ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು. ಅಡುಗೆಯವರು ಬಾಗಿಲಲ್ಲಿ ಪಾತ್ರೆ ಹಿಡಿದು, ತರಲೋ ಬೇಡವೋ ಎಂದು ನಿಂತಿದ್ದರು. ತಿರುಗಿಯೇ ನಿಂತಿದ್ದ ಮೇಡಂ ಕೈಬೀಸಿದರು.

"ತನ್ನಿ, ತನ್ನಿ. ಇವತ್ತೊಂದು ದಿನ ತಪ್ಪಿಲ್ಲದೆ ತಿನ್ನೋಣ."